‘ದಶಕಸಹಿತ ವ್ಯವಕಲನ’ ಅಂದರೆ ಮಗುವಿಗೆ ಏನಂತ ಹೇಳೋದು?

ಮೂರನೇ ತರಗತಿಯ ಗಣಿತದ ಕಲಿಕಾ ಫಲಗಳಲ್ಲಿ ಒಂದರ ಸಾರ ಹೀಗಿದೆ: ಮೂರಂಕಿ ಸಂಖ್ಯೆಗಳ ದಶಕಸಹಿತ ಹಾಗೂ ದಶಕರಹಿತ ಸಂಕಲನ, ವ್ಯವಕಲನ ಬಳಸಿ ದೈನಂದಿನ ಜೀವನದ ಸರಳ ಸಮಸ್ಯೆಗಳನ್ನು ಬಿಡಿಸುವುದು, ಮೊತ್ತ 999 ಮೀರದಂತೆ. (‘ದಶಕಸಹಿತ’ ಅಂದರೆ ಕೂಡುವಾಗ, ಕಳೆಯುವಾಗ ಹತ್ತನ್ನು ಪಕ್ಕದ ಮನೆಗೆ ಒಯ್ಯುವ ಅಥವಾ ಅಲ್ಲಿಂದ ತರುವ ಲೆಕ್ಕ; ‘ದಶಕರಹಿತ’ ಅಂದರೆ ಅದು ಬೇಡದ ಲೆಕ್ಕ.) ಬರೆದವರ ತಪ್ಪೇನಿಲ್ಲ. ಇದು ಟೀಚರಿಗೆ, ಪಠ್ಯಪುಸ್ತಕ ಬರೆಯುವವರಿಗೆ ಅಂತ ಬರೆದ ಮಾತು. ಆದರೆ ಇದನ್ನು ಕಲಿಯಬೇಕಾದವಳು ಎಂಟು ವರ್ಷದ ಹುಡುಗಿ. ಈ ವರ್ಷ ತಾನು ಏನು ಕಲಿಯಬೇಕು ಅನ್ನೋದನ್ನು ಅವಳಿಗೆ ಮಾತ್ರ ಯಾರೂ ಹೇಳಿರುವುದಿಲ್ಲ. ‘ಗಣಿತದಲ್ಲಿ ಏನು ನಡೀತಿದೆ?’ ಅಂತ ಕೇಳಿ ನೋಡಿ. ‘ನಾಲ್ಕನೇ ಪಾಠ’ ಅನ್ನುತ್ತಾಳೆ. ಅಷ್ಟೇ ಅವಳಿಗೆ ಗೊತ್ತಿರುವುದು.

ಆ ಮಾತು ಅವಳ ಬಾಯಲ್ಲೇ ಬರುವಂತೆ ಆಗಬೇಕು ಅನ್ನೋದು ನನ್ನ ಆಸೆ. ಸುಮ್ನೆ ಕಷ್ಟದ ಪದ ತೆಗೆದು ಸುಲಭದ ಪದ ಹಾಕಿದರೆ ಸಾಲದು. ‘ನನಗೆ ಕಳೆಯೋದು ಬರುತ್ತೆ’ ಅಂತ ಬರೆದುಬಿಟ್ಟರೆ ಪದ ಸುಲಭವಾಯಿತು, ಗಣಿತ ಮಾಯವಾಯಿತು. ಗಣಿತ ಪೂರ್ತಿ ಉಳಿಯಬೇಕು. ತನಗೆ ಬಂತೋ ಇಲ್ಲವೋ ಅಂತ ಮಗು ತಾನೇ ನೋಡಿಕೊಳ್ಳುವಂತೆಯೂ ಇರಬೇಕು.

ಮೊದಲು ಈ ಕಲಿಕಾ ಫಲಗಳ ಪಟ್ಟಿ ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳುತ್ತೇನೆ. 2017ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳಿಗೆ ತಿದ್ದುಪಡಿಯಾಯಿತು. ಒಂದರಿಂದ ಎಂಟನೇ ತರಗತಿವರೆಗೆ ಪ್ರತಿ ವಿಷಯದಲ್ಲೂ ವರ್ಷದ ಕೊನೆಗೆ ಮಗು ಏನೇನು ಮಾಡಬಲ್ಲದು ಅನ್ನೋದನ್ನು ಬರೆದಿಡಬೇಕು ಅಂತಾಯಿತು. ಅದೇ ವರ್ಷ ಶಾಲಾ ಶಿಕ್ಷಣದ ಕೇಂದ್ರ ಸಂಸ್ಥೆಯಾದ ಎನ್‌ಸಿಇಆರ್‌ಟಿ ಈ ಪಟ್ಟಿಯನ್ನು ಹೊರತಂದಿತು. ಅದರ ಹಿಂದಿನ ಯೋಚನೆ ಒಳ್ಳೆಯದೇ. ಪಾಠ ಮುಗಿಸೋದು ಟೀಚರ ಕೆಲಸ, ಪುಸ್ತಕದ ಪುಟ ನೋಡಿದರೆ ಅದು ಗೊತ್ತಾಗುತ್ತದೆ. ಮಗುವಿಗೆ ಬಂತಾ ಅನ್ನೋದು ಪುಟ ನೋಡಿದರೆ ಗೊತ್ತಾಗುವುದಿಲ್ಲ. ಮಗುವನ್ನೇ ನೋಡಬೇಕು.

ಆಮೇಲೆ 2021ರ ಜುಲೈ 5ರಂದು ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಶುರುವಾಯಿತು. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದ ತಳಹದಿ ಗಟ್ಟಿಯಾಗಬೇಕು, 2026-27ರ ಹೊತ್ತಿಗೆ ಈ ಗುರಿ ಮುಟ್ಟಬೇಕು ಅನ್ನೋದು ಅದರ ಉದ್ದೇಶ. ಲೆಕ್ಕದ ಮಟ್ಟಿಗೆ ಅದು ಹಾಕಿದ ಗುರಿಗಳು ಹೀಗಿವೆ. ಬಾಲವಾಟಿಕೆಯ, ಅಂದರೆ ಒಂದನೇ ತರಗತಿಗೆ ಮುಂಚಿನ ವರ್ಷದ, ಮಗು 10ರವರೆಗಿನ ಅಂಕಿಗಳನ್ನು ಗುರುತಿಸಿ ಓದಬೇಕು. ಒಂದನೇ ತರಗತಿಯ ಮಗು 99ರವರೆಗೆ ಓದಿ ಬರೆಯಬೇಕು, ಸರಳವಾಗಿ ಕೂಡಬೇಕು, ಕಳೆಯಬೇಕು. ಎರಡನೇ ತರಗತಿಗೆ 999ರವರೆಗೆ ಓದು ಬರಹ, 99ರವರೆಗಿನ ಸಂಖ್ಯೆಗಳಲ್ಲಿ ಕಳೆಯುವುದು. ಮೂರನೇ ತರಗತಿಗೆ 9999ರವರೆಗೆ, ಜೊತೆಗೆ ಸರಳ ಗುಣಾಕಾರ.

ಇಲ್ಲಿ ಪೋಷಕರಿಗೆ ಗಲಿಬಿಲಿಯಾಗುವ ಒಂದು ವಿಷಯವಿದೆ. ಎರಡು ಪಟ್ಟಿಗಳ ಮಿತಿ ಒಂದೇ ಅಲ್ಲ. ಎರಡನೇ ತರಗತಿಗೆ 2017ರ ಪಟ್ಟಿ 99 ಅನ್ನುತ್ತದೆ, ನಿಪುಣ್ 999 ಅನ್ನುತ್ತದೆ. ಮೂರನೇ ತರಗತಿಗೆ ಅಲ್ಲಿ 999, ಇಲ್ಲಿ 9999. ‘ಹಾಗಾದರೆ ನಮ್ಮ ಮಗು ಹಿಂದೆ ಬಿದ್ದಿದೆಯಾ?’ ಅನ್ನೋ ಆತಂಕ ಬೇಡ. ಈ ಮಿತಿಗಳು ಪುಸ್ತಕ, ಪರೀಕ್ಷೆ ಯೋಜಿಸುವವರಿಗೆ ಮುಖ್ಯ. ಮಗುವಿಗೆ ಮುಖ್ಯವಾದದ್ದು ಬೇರೆ. ಹತ್ತು ಬಿಡಿ ಸೇರಿದರೆ ಒಂದು ಹತ್ತು, ಹತ್ತು ಹತ್ತು ಸೇರಿದರೆ ಒಂದು ನೂರು. 99ರ ಒಳಗೆ ಇದು ಗಟ್ಟಿಯಾದ ಮಗು ಮುಂದಕ್ಕೆ ಸಲೀಸಾಗಿ ಹೋಗುತ್ತದೆ. ಇದು ಗಟ್ಟಿಯಾಗದ ಮಗು 9999ನ್ನು ನೋಡಿ ಬರೆದರೂ ಅದಕ್ಕೆ ಕಾಣುವುದು ನಾಲ್ಕು ಒಂಬತ್ತುಗಳು ಮಾತ್ರ.

ಈಗ ಒಂದೊಂದನ್ನೇ ಮಗುವಿನ ಮಾತಿಗೆ ತರೋಣ. ಒಂದನೇ ತರಗತಿಯಿಂದ ಶುರು ಮಾಡೋಣ.

‘ವಸ್ತುಗಳನ್ನು 20ರವರೆಗೆ ಎಣಿಸುತ್ತಾರೆ’ ಅಂತ ಪಟ್ಟಿಯಲ್ಲಿದೆ. ಬಹಳ ಮಕ್ಕಳು ಐದನೇ ವಯಸ್ಸಿಗೇ ಬಾಯಲ್ಲಿ ನೂರರವರೆಗೆ ಹೇಳಿಬಿಡುತ್ತಾರೆ. ಮನೆಗೆ ಬಂದ ನೆಂಟರ ಮುಂದೆ ಹೇಳಿಸುವುದೂ ಉಂಟು. ಆದರೆ ಹೇಳುವುದು ಬೇರೆ, ಎಣಿಸುವುದು ಬೇರೆ. ಅದೇ ಮಗುವಿನ ಮುಂದೆ 14 ಹುಣಸೆ ಬೀಜ ಚೆಲ್ಲಿ ನೋಡಿ. ಬೆರಳು ಒಂದು ಕಡೆ, ಬಾಯಿ ಇನ್ನೊಂದು ಕಡೆ ಓಡಬಹುದು. ಎಣಿಸಿ ಮುಗಿದ ಮೇಲೆ ‘ಒಟ್ಟು ಎಷ್ಟಿದೆ?’ ಅಂತ ಕೇಳಿ. ಕೆಲವು ಮಕ್ಕಳು ಮತ್ತೆ ಒಂದರಿಂದ ಶುರು ಮಾಡುತ್ತಾರೆ. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಅನ್ನೋದು ಅವರಿಗೆ ಇನ್ನೂ ಹೊಳೆದಿಲ್ಲ ಅಂತ ಅರ್ಥ. ಆದ್ದರಿಂದ ಮಗುವಿನ ಮಾತು ಹೀಗಿರಲಿ:

‘ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ಮುಟ್ಟದೆ ನಾನು 20 ಬೀಜ ಎಣಿಸ್ತೀನಿ. ಒಟ್ಟು ಎಷ್ಟು ಅಂತ ಕೇಳಿದರೆ ಮತ್ತೆ ಎಣಿಸದೆ ಹೇಳ್ತೀನಿ.’

ಬರೀ ‘20ರವರೆಗೆ ಎಣಿಸ್ತೀನಿ’ ಅನ್ನೋದಕ್ಕಿಂತ ಇದು ಉದ್ದ. ಆದರೂ ಇದೇ ಒಳ್ಳೆಯದು. ಯಾಕೆಂದರೆ ಎಲ್ಲಿ ತಪ್ಪಾಗುತ್ತದೆ ಅನ್ನೋದು ಇದರಲ್ಲೇ ಇದೆ.

ಅದೇ ವಯಸ್ಸಿಗೆ ಅಳತೆಯೂ ಬರುತ್ತದೆ. ಬೆರಳು, ಗೇಣು, ಮೊಳ, ಹೆಜ್ಜೆಗಳಿಂದ ಉದ್ದ ಅಳೆಯುವುದು. ಇದಕ್ಕೆ ನಮ್ಮ ಮನೆಗಳಲ್ಲಿ ಹೊಸದಾಗಿ ಏನೂ ಹೇಳಿಕೊಡಬೇಕಿಲ್ಲ. ಹೂವನ್ನು ಮೊಳದ ಲೆಕ್ಕದಲ್ಲಿ ಕೊಳ್ಳುವುದನ್ನು ಮಗು ನೋಡಿಯೇ ಇರುತ್ತದೆ. ಇಲ್ಲಿ ಕಲಿಯಬೇಕಾದದ್ದು ಎರಡು. ಒಂದು ಗೇಣಿಗೂ ಇನ್ನೊಂದು ಗೇಣಿಗೂ ನಡುವೆ ಜಾಗ ಬಿಡಬಾರದು. ಅರ್ಧಕ್ಕೆ ಕೈ ಬದಲಿಸಬಾರದು. ಅಪ್ಪನ ಗೇಣಿನಲ್ಲಿ ಶುರು ಮಾಡಿ ತನ್ನ ಗೇಣಿನಲ್ಲಿ ಮುಗಿಸಿದರೆ ಲೆಕ್ಕ ಕೆಡುತ್ತದೆ. ಮೂರನೇ ತರಗತಿಯಲ್ಲಿ ಸೆಂಟಿಮೀಟರ್, ಮೀಟರ್ ಯಾಕೆ ಬೇಕಾಯಿತು ಅನ್ನೋದು ಅಲ್ಲಿಂದಲೇ ತಾನಾಗಿ ಅರ್ಥವಾಗುತ್ತದೆ. ‘ಒಂದೇ ಮೇಜು, ಅಪ್ಪನಿಗೆ 5 ಗೇಣು, ನನಗೆ 8 ಗೇಣು. ಯಾಕೆ ಅಂತ ನನಗೆ ಗೊತ್ತು.’ ಮಗು ಇಷ್ಟು ಹೇಳಿದರೆ ಆ ವರ್ಷದ ಅಳತೆಯ ಪಾಠ ತಲೆಗೆ ಹೋಗಿದೆ.

ಎರಡು, ಮೂರನೇ ತರಗತಿಯಲ್ಲಿ ನಿಜವಾದ ಏರು ಶುರುವಾಗುತ್ತದೆ. ಹೆಸರು ಸ್ಥಾನಬೆಲೆ.

ನೂರು ದಾಟುತ್ತಿರುವ ಮಗುವಿಗೆ ‘ನೂರ ಇಪ್ಪತ್ತಮೂರು ಬರಿ’ ಅಂತ ಹೇಳಿದರೆ ಕೆಲವು ಸಲ 100203 ಅಂತ ಬರೆಯುತ್ತದೆ. ದೊಡ್ಡವರು ನಗುತ್ತಾರೆ ಅಥವಾ ಗದರುತ್ತಾರೆ. ಎರಡೂ ಬೇಡ. ಮಗು ಏನು ಮಾಡಿದೆ ನೋಡಿ. ನೂರು ಕೇಳಿಸಿತು, 100 ಬರೆಯಿತು. ಇಪ್ಪತ್ತು ಕೇಳಿಸಿತು, 20 ಬರೆಯಿತು. ಮೂರು ಕೇಳಿಸಿತು, 3 ಬರೆಯಿತು. ಕೇಳಿದ್ದನ್ನು ಒಂದನ್ನೂ ಬಿಡದೆ ಬರೆದಿದೆ. ಅದಕ್ಕೆ ಗೊತ್ತಿಲ್ಲದ್ದು ಒಂದೇ ಸಂಗತಿ. ಬರೆಯುವಾಗ ಆ ಸೊನ್ನೆಗಳ ಜಾಗದಲ್ಲಿ ಮುಂದಿನ ಅಂಕಿ ಬಂದು ಕೂರುತ್ತದೆ ಅನ್ನೋದು.

ಇದನ್ನು ಮಾತಲ್ಲಿ ಹೇಳೋದಕ್ಕಿಂತ ಕಾಗದದಲ್ಲಿ ತೋರಿಸೋದು ಸುಲಭ. ಉದ್ದದ ಪಟ್ಟಿಯಲ್ಲಿ 100, ಅದಕ್ಕಿಂತ ಚಿಕ್ಕದರಲ್ಲಿ 20, ಇನ್ನೂ ಚಿಕ್ಕದರಲ್ಲಿ 3 ಬರೆಯಿರಿ. ಮೂರೂ ಪಟ್ಟಿಗಳ ಬಲತುದಿ ಒಂದೇ ಕಡೆ ಬರುವಂತೆ ಒಂದರ ಮೇಲೊಂದು ಇಡಿ. 123 ಕಾಣುತ್ತದೆ. ಮೇಲಿನ ಪಟ್ಟಿ ಎತ್ತಿದರೆ ಅಡಿಯಲ್ಲಿ ಸೊನ್ನೆಗಳು ಹಾಗೇ ಇವೆ. ಈಗ 20ರ ಪಟ್ಟಿ ತೆಗೆದು, 3ರ ಬದಲು 5 ಇಟ್ಟು ನೂರ ಐದು ಮಾಡಿಸಿ. ಹತ್ತಿನ ಮನೆಯಲ್ಲಿ ಸೊನ್ನೆ ಯಾಕೆ ಅಂತ ಮಗುವೇ ಹೇಳುತ್ತದೆ.

ಆಗ ‘ಸ್ಥಾನಬೆಲೆ ಬಳಸಿ 999ರವರೆಗಿನ ಸಂಖ್ಯೆಗಳನ್ನು ಓದುವುದು, ಬರೆಯುವುದು’ ಅನ್ನೋದು ಮಗುವಿನ ಬಾಯಲ್ಲಿ ಹೀಗಾಗುತ್ತದೆ:

‘ಯಾವುದೇ ಸಂಖ್ಯೆ ಹೇಳಿ, ಅದರಲ್ಲಿ ಎಷ್ಟು ನೂರು, ಎಷ್ಟು ಹತ್ತು, ಎಷ್ಟು ಬಿಡಿ ಅಂತ ಹೇಳ್ತೀನಿ. ಯಾವ ಮನೆ ಖಾಲಿ ಇದೆಯೋ ಅಲ್ಲಿ ಸೊನ್ನೆ ಹಾಕ್ತೀನಿ. 305 ಜಾಸ್ತಿನಾ 350 ಜಾಸ್ತಿನಾ ಅಂದರೆ ಯಾಕೆ ಅಂತಲೂ ಹೇಳ್ತೀನಿ.’

ಈಗ ನಮ್ಮ ದಶಕಸಹಿತ ವ್ಯವಕಲನಕ್ಕೆ ಬರೋಣ. 52ರಲ್ಲಿ 27 ಕಳೆಯಬೇಕು. ಬಹಳ ಮಕ್ಕಳು ಕೊಡುವ ಉತ್ತರ 35. ಹೇಗೆ? ಬಿಡಿ ಮನೆಯಲ್ಲಿ ಮೇಲೆ 2, ಕೆಳಗೆ 7. ಎರಡರಲ್ಲಿ ಏಳು ಹೋಗುವುದಿಲ್ಲ. ಹಾಗಾಗಿ ಏಳರಲ್ಲೇ ಎರಡು ಕಳೆದು 5 ಬರೆಯುತ್ತಾರೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ನಾವೇ ಹೇಳಿಕೊಟ್ಟಿರುತ್ತೇವೆ, ಅಲ್ವಾ? ಮಗು ಅದನ್ನೇ ಪಾಲಿಸಿದೆ.

ಕಡ್ಡಿಗಳನ್ನು ತನ್ನಿ. ಹತ್ತು ಹತ್ತು ಕಡ್ಡಿಯ ಐದು ಕಟ್ಟು, ಬಿಡಿಯಾಗಿ ಎರಡು ಕಡ್ಡಿ. ಇದು 52. ‘ನನಗೆ 27 ಕೊಡು’ ಅಂತ ಕೇಳಿ. ಎರಡು ಕಟ್ಟು ತಕ್ಷಣ ಕೊಡುತ್ತದೆ. ಏಳು ಬಿಡಿ ಕಡ್ಡಿ ಕೊಡಬೇಕು, ಕೈಯಲ್ಲಿ ಇರುವುದು ಎರಡೇ. ಇಲ್ಲಿ ಸುಮ್ಮನಿರಿ. ಹೇಳಿಕೊಡಲು ಹೋಗಬೇಡಿ. ಸ್ವಲ್ಪ ಹೊತ್ತಿಗೆ ಮಗುವಿನ ಕೈ ರಬ್ಬರ್ ಬ್ಯಾಂಡಿನ ಕಡೆ ಹೋಗುತ್ತದೆ. ಒಂದು ಕಟ್ಟು ಬಿಚ್ಚಿದರೆ ಹತ್ತು ಕಡ್ಡಿ, ಮೊದಲಿನ ಎರಡು ಸೇರಿ ಹನ್ನೆರಡು. ಏಳು ಕೊಟ್ಟ ಮೇಲೆ ಐದು ಉಳಿಯಿತು. ಕಟ್ಟುಗಳು ಎರಡು ಉಳಿದವು. ಉತ್ತರ 25. ಪುಸ್ತಕದಲ್ಲಿ 5ನ್ನು ಹೊಡೆದು 4 ಬರೆದು, 2ರ ಪಕ್ಕ ಚಿಕ್ಕದಾಗಿ 1 ಹಾಕುವುದು ಯಾಕೆ ಅಂತ ಈಗ ಕಣ್ಣಿಗೆ ಕಂಡಿತು. ‘ಪಕ್ಕದ ಮನೆಯಿಂದ ಸಾಲ ತಗೋ’ ಅಂತ ಹೇಳುವ ರೂಢಿಯಿದೆ. ನನಗೆ ‘ಕಟ್ಟು ಬಿಚ್ಚು’ ಅನ್ನೋದೇ ಇಷ್ಟ. ನಡೆದದ್ದು ಅದೇ ತಾನೇ?

‘ಬಿಡಿ ಸಾಲದಿದ್ದರೆ ಒಂದು ಹತ್ತಿನ ಕಟ್ಟು ಬಿಚ್ಚಿ ಕಳೀತೀನಿ. ಉತ್ತರ ಸರಿ ಇದೆಯಾ ಅಂತ ಕೂಡಿ ನೋಡ್ತೀನಿ.’

25ಕ್ಕೆ 27 ಕೂಡಿದರೆ 52 ಬರಬೇಕು. 35ಕ್ಕೆ 27 ಕೂಡಿದ ಮಗುವಿಗೆ 62 ಬರುತ್ತದೆ. ತಪ್ಪು ಅಂತ ಬೇರೆ ಯಾರೂ ಹೇಳಬೇಕಿಲ್ಲ.

ಇದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ ನೋಡುವ ಅಸರ್ ಸಮೀಕ್ಷೆಯವರು ಹಳ್ಳಿಗಳ ಮನೆಮನೆಗೆ ಹೋಗಿ, ಒಂದೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಇಂಥದ್ದೇ ಎರಡಂಕಿ ಲೆಕ್ಕ ಕೊಡುತ್ತಾರೆ. 2024ರ ಅವರ ವರದಿಯಲ್ಲಿ, ದೇಶದ ಗ್ರಾಮೀಣ ಭಾಗದ ಮೂರನೇ ತರಗತಿ ಮಕ್ಕಳಲ್ಲಿ ಈ ಲೆಕ್ಕ ಮಾಡಿದವರು ಸುಮಾರು ಮೂರರಲ್ಲಿ ಒಬ್ಬರು. ಆ ಉಳಿದ ಇಬ್ಬರು ನಾಲ್ಕನೇ ತರಗತಿಗೆ ಹೋಗುತ್ತಾರೆ. ಅಲ್ಲಿ ಭಾಗಾಕಾರ ಕಾದಿರುತ್ತದೆ, ಅದರೊಳಗೆ ಪ್ರತಿ ಸಾಲಿನಲ್ಲೂ ಕಳೆಯುವ ಲೆಕ್ಕ ಇರುತ್ತದೆ. ನನಗೆ ಸಂಕಟವಾಗುವುದು ಇಲ್ಲಿ. ತನಗೆ ಭಾಗಾಕಾರ ಬರಲ್ಲ ಅಂತ ಆ ಮಗು ಅಂದುಕೊಳ್ಳುತ್ತದೆ. ಬಿಟ್ಟುಹೋದದ್ದು ಕಟ್ಟು ಬಿಚ್ಚುವುದು ಅಂತ ಅದಕ್ಕೆ ಹೇಳುವವರು ಯಾರು?

ಮೊದಲು ಹೇಳಿದ ಮೂರನೇ ತರಗತಿಯ ಕಲಿಕಾ ಫಲದಲ್ಲಿ ಇನ್ನೊಂದು ಅರ್ಧವಿದೆ: ‘ದೈನಂದಿನ ಜೀವನದ ಸಮಸ್ಯೆ’. ಬಸ್ಸಿನಲ್ಲಿ 52 ಜನ ಇದ್ದರು, 27 ಜನ ಇಳಿದರು ಅಂದರೆ ಮಕ್ಕಳು ಸರಿಯಾಗಿ ಕಳೆಯುತ್ತಾರೆ. ರವಿ ಹತ್ತಿರ 27 ಗೋಲಿ, ಸಲ್ಮಾ ಹತ್ತಿರ 52 ಗೋಲಿ, ಸಲ್ಮಾ ಹತ್ತಿರ ಎಷ್ಟು ಜಾಸ್ತಿ ಇವೆ ಅಂತ ಕೇಳಿ. ‘ಜಾಸ್ತಿ’ ಕಿವಿಗೆ ಬಿದ್ದ ಕೂಡಲೇ ಕೂಡಿ 79 ಅನ್ನುತ್ತಾರೆ. ಎರಡೂ ಒಂದೇ ಲೆಕ್ಕ. ಆದರೆ ಎರಡನೆಯದರಲ್ಲಿ ಏನೂ ಕಡಿಮೆಯಾಗಿಲ್ಲ, ಯಾರೂ ಇಳಿದುಹೋಗಿಲ್ಲ. ಅದಕ್ಕೇ ಕಷ್ಟ. ಆದ್ದರಿಂದ ಇನ್ನೊಂದು ಮಾತು ಸೇರಿಸಬೇಕು: ‘ಲೆಕ್ಕ ಓದಿ ಮೊದಲು ಚಿತ್ರ ಬರೀತೀನಿ. ಆಮೇಲೆ ಕೂಡಬೇಕಾ ಕಳೀಬೇಕಾ ಅಂತ ಹೇಳ್ತೀನಿ.’

ಮಗ್ಗಿಯ ಬಗ್ಗೆ ನಮ್ಮ ಮನೆಗಳಲ್ಲಿ ದೊಡ್ಡ ಅಭಿಮಾನವಿದೆ. ಇಪ್ಪತ್ತರ ಮಗ್ಗಿವರೆಗೆ ಬಾಯಿಪಾಠ ಮಾಡಿಸುವ ಅಜ್ಜಂದಿರು ಈಗಲೂ ಇದ್ದಾರೆ. ಬಾಯಿಪಾಠ ಬೇಡ ಅಂತ ನಾನು ಹೇಳುವುದಿಲ್ಲ, ಮುಂದೆ ಅದು ತುಂಬ ಕೆಲಸಕ್ಕೆ ಬರುತ್ತದೆ. ಆದರೆ 2017ರ ಪಟ್ಟಿ ಮೂರನೇ ತರಗತಿಗೆ ಕೇಳುವುದು 2, 3, 4, 5, 10ರ ಮಗ್ಗಿ ಮಾತ್ರ. ಅವನ್ನು ಮಗು ತಾನೇ ಕಟ್ಟಿ, ಬಳಸಬೇಕು ಅನ್ನುತ್ತದೆ. ಕಟ್ಟುವುದು ಅಂದರೆ ಹೀಗೆ: ನಾಲ್ಕೇಳಲಿ ಎಷ್ಟು ಅಂತ ಮರೆತುಹೋಯಿತು. ನಾಲ್ಕೈದಲಿ ಇಪ್ಪತ್ತು ಗೊತ್ತು. ಇನ್ನೆರಡು ನಾಲ್ಕು ಅಂದರೆ ಎಂಟು. ಒಟ್ಟು 28. ಹೀಗೆ ಮಾಡುವ ಮಗು ಮರೆತಾಗ ಅಳುವುದಿಲ್ಲ. ‘ಮಗ್ಗಿ ಮರೆತರೂ ಗೊತ್ತಿರೋದ್ರಿಂದ ಕಟ್ಕೋತೀನಿ’ ಅನ್ನೋದೇ ಅದರ ಮಾತು.

ಭಾಗಾಕಾರಕ್ಕೆ ಎರಡು ಮುಖಗಳಿವೆ. 12 ಚಕ್ಕುಲಿಯನ್ನು 3 ಜನಕ್ಕೆ ಹಂಚಿದರೆ ಒಬ್ಬರಿಗೆ ಎಷ್ಟು? 12 ಚಕ್ಕುಲಿಯನ್ನು ಮೂರು ಮೂರರಂತೆ ಕಟ್ಟಿದರೆ ಎಷ್ಟು ಪೊಟ್ಟಣ? ಉತ್ತರ ಎರಡಕ್ಕೂ 4. ಕೈ ಮಾಡುವ ಕೆಲಸ ಮಾತ್ರ ಬೇರೆ ಬೇರೆ. ಮೊದಲನೆಯದರಲ್ಲಿ ಒಂದೊಂದೇ ಹಂಚುತ್ತಾ ಹೋಗುತ್ತೀರಿ. ಎರಡನೆಯದರಲ್ಲಿ ಹನ್ನೆರಡರಿಂದ ಮೂರು ಮೂರು ತೆಗೆಯುತ್ತಾ ಹೋಗುತ್ತೀರಿ. ಪಟ್ಟಿಯಲ್ಲಿ ಎರಡೂ ಇವೆ. ಮನೆಯಲ್ಲಿ ನಾವು ಹೇಳಿಕೊಡುವುದು ಹೆಚ್ಚಾಗಿ ಹಂಚುವುದನ್ನು ಮಾತ್ರ.

ನಾಲ್ಕನೇ ತರಗತಿಯಲ್ಲಿ ಭಿನ್ನರಾಶಿ ಬರುತ್ತದೆ. ಕಾಲು, ಅರ್ಧ, ಮುಕ್ಕಾಲು. ಅಂಗಡಿಯಲ್ಲಿ ಕಾಲು ಕೆಜಿ ಬೇಳೆ ತಂದ ಮಗುವೂ ಪುಸ್ತಕದಲ್ಲಿ 1/4 ಮತ್ತು 1/2 ನೋಡಿ 1/4 ದೊಡ್ಡದು ಅನ್ನುತ್ತದೆ. ನಾಲ್ಕು ಎರಡಕ್ಕಿಂತ ದೊಡ್ಡದಲ್ಲವೇ! ಮೂರು ವರ್ಷ ಕಲಿತ ಪಾಠ ಇಲ್ಲಿ ಅಡ್ಡ ಬರುತ್ತದೆ. ಒಂದು ಕಾಗದ ಮಡಚಿ, ಇನ್ನೊಂದು ಸಲ ಮಡಚಿ ತೋರಿಸಿದರೆ ಸರಿಹೋಗುತ್ತದೆ. ‘ಜಾಸ್ತಿ ಪಾಲು ಮಾಡಿದಷ್ಟೂ ಒಂದೊಂದು ಪಾಲು ಚಿಕ್ಕದಾಗುತ್ತೆ. ಎರಡು ಕಾಲು ಸೇರಿದರೆ ಒಂದು ಅರ್ಧ. ಕಾಗದ ಮಡಚಿ ತೋರಿಸ್ತೀನಿ.’ ಐದನೇ ತರಗತಿಯ ಪಟ್ಟಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದು ಬಕೆಟ್ಟಿಗೆ ಸುಮಾರು 20 ಮಗ್ ನೀರು ಹಿಡಿಯುತ್ತದೆ ಅಂತ ಅಂದಾಜು ಮಾಡುವುದು. ಅದನ್ನು ಮಗುವಿನ ಮಾತಿಗೆ ತರುವ ಅಗತ್ಯವೇ ಇಲ್ಲ. ಬಚ್ಚಲುಮನೆಗೆ ಕಳಿಸಿದರೆ ಸಾಕು.

ಹೀಗೆ ಬರೆಯುವಾಗ ಕೆಲವು ವಿಷಯ ನೆನಪಿರಲಿ. ‘ಅರ್ಥವಾಗಿದೆ’, ‘ತಿಳಿದಿದೆ’ ಅನ್ನೋ ಮಾತು ಮಗುವಿನ ವಾಕ್ಯದಲ್ಲಿ ಬೇಡ. ಅರ್ಥವಾಗಿದೆಯೋ ಇಲ್ಲವೋ ಅಂತ ದೊಡ್ಡವರಿಗೇ ಗೊತ್ತಾಗುವುದಿಲ್ಲ. ಎಣಿಸ್ತೀನಿ, ಬಿಚ್ತೀನಿ, ಮಡಚಿ ತೋರಿಸ್ತೀನಿ, ಯಾಕೆ ಅಂತ ಹೇಳ್ತೀನಿ ಅನ್ನುವಂಥವು ಇರಲಿ. ‘ಬೇಗ’ ಅನ್ನೋದನ್ನೂ ಸೇರಿಸಬೇಡಿ. ನಿಧಾನಕ್ಕೆ ಸರಿಯಾಗಿ ಮಾಡುವ ಮಗು ತನಗೆ ಬರಲ್ಲ ಅಂದುಕೊಂಡುಬಿಡುತ್ತದೆ. ವ್ಯವಕಲನ, ಸ್ಥಾನಬೆಲೆ ಅನ್ನುವ ಪದಗಳನ್ನು ಬಚ್ಚಿಡಲೂ ಬೇಡಿ. ಕಡ್ಡಿ ಬಿಚ್ಚಿದ ಮೇಲೆ ‘ಇದಕ್ಕೇ ಪುಸ್ತಕದಲ್ಲಿ ದಶಕಸಹಿತ ವ್ಯವಕಲನ ಅಂತಾರೆ’ ಅಂದರೆ ಮಗು ಖುಷಿಯಿಂದಲೇ ಆ ದೊಡ್ಡ ಪದ ಹೇಳುತ್ತದೆ. ಕೆಲಸ ಮೊದಲು, ಹೆಸರು ಆಮೇಲೆ.

ಅಮೆರಿಕದಲ್ಲಿ 2010ರಲ್ಲಿ, ಯಾವ ತರಗತಿಯಲ್ಲಿ ಏನು ಬರಬೇಕು ಅಂತ ಹೇಳುವ ಕಾಮನ್ ಕೋರ್ ಮಾನದಂಡಗಳು ಬಂದ ಮೇಲೆ ಅಲ್ಲಿನ ಟೀಚರುಗಳು ಅವನ್ನು ‘ಐ ಕ್ಯಾನ್’ ಅಂತ ಶುರುವಾಗುವ ವಾಕ್ಯಗಳಾಗಿ ಬರೆದು ಗೋಡೆಗೆ ಹಾಕುವುದು ಸಾಮಾನ್ಯವಾಯಿತು. ಅಲ್ಲಿರುವ ಕನ್ನಡದ ಮನೆಗಳ ಮಕ್ಕಳೂ ಇಂಥ ವಾಕ್ಯಗಳನ್ನು ನೋಡಿಯೇ ಇರುತ್ತಾರೆ. ಅದರಲ್ಲೂ ಒಂದು ಅಪಾಯವಿದೆ. ಗೋಡೆಗೆ ಅಂಟಿಸಿದ ವಾಕ್ಯವನ್ನು ಯಾರೂ ಮುಟ್ಟದಿದ್ದರೆ ಅದು ಬರೀ ಅಲಂಕಾರ.

ನಮ್ಮಲ್ಲಿ ಇದಕ್ಕಿಂತ ಮೊದಲೇ ಒಂದು ಒಳ್ಳೆಯ ದಾರಿ ಇತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ನಲಿ ಕಲಿ ಅನ್ನೋ ಕಲಿಕಾ ಪದ್ಧತಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ಅದಕ್ಕೆ ಪ್ರೇರಣೆ. ವರ್ಷದ ಕಲಿಕೆಯನ್ನು ಚಿಕ್ಕ ಚಿಕ್ಕ ಮೈಲಿಗಲ್ಲುಗಳಾಗಿ ಒಡೆದು ಕಲಿಕಾ ಏಣಿ ಮಾಡಿದರು. ಒಂದೊಂದು ಮೆಟ್ಟಿಲಿಗೂ ಕಾರ್ಡು, ಕಾರ್ಡಿಗೆ ಚಿತ್ರದ ಗುರುತು. ಓದಲು ಬಾರದ ಮಗುವೂ ಏಣಿಯಲ್ಲಿ ತಾನು ಎಲ್ಲಿದ್ದೇನೆ ಅಂತ ನೋಡಿಕೊಂಡು ಮುಂದಿನ ಕಾರ್ಡು ತೆಗೆದುಕೊಳ್ಳಬಹುದಿತ್ತು. ನಾಲ್ಕು ದಿನ ರಜೆ ಹಾಕಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದಿತ್ತು. ಏಣಿ ‘ನಾನೆಲ್ಲಿದ್ದೇನೆ’ ಅಂತ ತೋರಿಸುತ್ತದೆ. ಪ್ರತಿ ಮೆಟ್ಟಿಲ ಪಕ್ಕ ‘ನಾನೇನು ಮಾಡ್ತೀನಿ’ ಅನ್ನೋ ಒಂದು ಮಾತು ಸೇರಿದರೆ ಮಗುವಿಗೆ ಎರಡೂ ಸಿಗುತ್ತವೆ.

ಮನೆಯಲ್ಲಾದರೆ ಒಂದು ಹಾಳೆ ಸಾಕು. ಒಂದು ಸಲಕ್ಕೆ ಎರಡೋ ಮೂರೋ ವಾಕ್ಯ. ಪಕ್ಕದಲ್ಲಿ ಮಗು ತಾನೇ ಗುರುತು ಹಾಕಲಿ: ಇನ್ನೂ ಬಂದಿಲ್ಲ, ಯಾರಾದರೂ ಜೊತೆಗಿದ್ದರೆ ಬರುತ್ತೆ, ಒಬ್ಬನೇ ಮಾಡ್ತೀನಿ. ಗುರುತು ಹಾಕಿದ ಮೇಲೆ ‘ಎಲ್ಲಿ, ತೋರಿಸು’ ಅನ್ನಿ. ಅಂಕ ಕೊಡಬೇಡಿ. ಪಕ್ಕದ ಮನೆಯ ಮಗುವಿನ ಹಾಳೆಯ ಜೊತೆ ಹೋಲಿಸಬೇಡಿ.

ಒಬ್ಬನೇ ಮಾಡ್ತೀನಿ ಅಂದವನು ತೋರಿಸುವಾಗ ತಡವರಿಸಿದರೆ ಸುಳ್ಳು ಹೇಳಿದ ಅಂತ ಬೈಯಬೇಡಿ. ಬಹಳ ಸಲ ವಾಕ್ಯವೇ ದೊಡ್ಡದಾಗಿರುತ್ತದೆ. ಕಟ್ಟು ಬಿಚ್ಚುವುದನ್ನೇ ತಗೊಳ್ಳಿ. 52ರಲ್ಲಿ 27 ಕಳೆದ ಹುಡುಗ 502ರಲ್ಲಿ 127 ಬಂದಾಗ ನಿಂತುಬಿಡುತ್ತಾನೆ. ಬಿಡಿ ಸಾಲದು, ಕಟ್ಟು ಬಿಚ್ಚೋಣ ಅಂದರೆ ಹತ್ತಿನ ಮನೆಯಲ್ಲಿ ಸೊನ್ನೆ, ಬಿಚ್ಚಲು ಕಟ್ಟೇ ಇಲ್ಲ. ಮೊದಲು ಒಂದು ನೂರನ್ನು ಬಿಚ್ಚಿ ಹತ್ತು ಕಟ್ಟು ಮಾಡಬೇಕು, ಅದರಲ್ಲಿ ಒಂದನ್ನು ಬಿಚ್ಚಿ ಹತ್ತು ಬಿಡಿ ಮಾಡಬೇಕು. ಆಗ 4 ನೂರು, 9 ಹತ್ತು, 12 ಬಿಡಿ ಆಗುತ್ತದೆ. ಉತ್ತರ 375. ಇದು ಅವನ ಹಾಳೆಯಲ್ಲಿ ಬೇರೆಯದೇ ಸಾಲಾಗಿ ಬರಲಿ: ‘ಹತ್ತಿನ ಮನೆ ಖಾಲಿ ಇದ್ದರೆ ನೂರನ್ನು ಬಿಚ್ತೀನಿ.’ ಮೊದಲಿನ ಸಾಲಿನ ಮುಂದಿರುವ ಅವನ ಗುರುತು ಹಾಗೇ ಇರಲಿ, ಅದನ್ನು ಅಳಿಸಬೇಡಿ.